ಪಿಎಂ ಅಂಡ್ ಆರ್ ರೆಸಿಡೆನ್ಸಿಗೆ ಹೊರಟಿದ್ದೀರಾ? ರೆಸಿಡೆಂಟ್ ರಜೆ ಹಾಕಿದ ದಿನ ವಾರ್ಡ್ ಯಾರು ನೋಡುತ್ತಾರೆ ಅಂತ ಕೇಳಿ

ಅಮೆರಿಕದಲ್ಲಿ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್ (ಪಿಎಂ ಅಂಡ್ ಆರ್, ಪೆಟ್ಟು ಅಥವಾ ಕಾಯಿಲೆಯಿಂದ ಓಡಾಟ, ಕೈಕಾಲಿನ ಶಕ್ತಿ ಕಳೆದುಕೊಂಡವರು ಚೇತರಿಸಿಕೊಳ್ಳಲು ನೆರವಾಗುವ ವೈದ್ಯಶಾಖೆ) ರೆಸಿಡೆನ್ಸಿಗೆ, ಅಂದರೆ ಡಾಕ್ಟರ್ ಆದ ಮೇಲಿನ ಆಸ್ಪತ್ರೆ ತರಬೇತಿಗೆ, ಅಪ್ಲೈ ಮಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮುಗಿಸಿದ ಪ್ರೋಗ್ರಾಂ ಹೆಸರು ಹೇಳುವುದಿಲ್ಲ. ಅಂಥ ಜಾಗಗಳು ಬೇರೆ ಕಡೆಯೂ ಇವೆ, ಅವನ್ನು ಮೊದಲೇ ಗುರುತು ಹಿಡಿಯುವುದು ಹೇಗೆ ಅನ್ನುವುದಷ್ಟೇ ನನಗೆ ಮುಖ್ಯ.

ನಮ್ಮ ಆಸ್ಪತ್ರೆಯ ರಿಹ್ಯಾಬ್ ವಾರ್ಡ್ ನಡೆಯುತ್ತಿದ್ದದ್ದೇ ರೆಸಿಡೆಂಟ್‌ಗಳಿಂದ. ನಾವಿಲ್ಲದಿದ್ದರೆ ಅಡ್ಮಿಷನ್ ಮಾಡುವವರಿಲ್ಲ, ನೋಟ್ಸ್ ಬರೆಯುವವರಿಲ್ಲ, ರಾತ್ರಿ ನರ್ಸ್ ಫೋನ್ ಮಾಡಿದರೆ ಎತ್ತುವವರಿಲ್ಲ. ನರ್ಸ್ ಪ್ರಾಕ್ಟೀಷನರ್ ಇರಲಿಲ್ಲ, ಫಿಸಿಷಿಯನ್ ಅಸಿಸ್ಟೆಂಟ್ ಇರಲಿಲ್ಲ, ಪೇಷೆಂಟ್‌ಗಳ ಬಿಪಿ, ಶುಗರ್, ಜ್ವರ ನೋಡಿಕೊಳ್ಳಲು ಹಾಸ್ಪಿಟಲಿಸ್ಟ್ ಕೂಡ ಇರಲಿಲ್ಲ. ದುಡ್ಡು ಕೊಟ್ಟು ಇಟ್ಟುಕೊಳ್ಳಬೇಕಾದ ಜನರ ಜಾಗಕ್ಕೆ ಕಲಿಯಲು ಬಂದವರನ್ನು ತುಂಬಿದ್ದರು.

ಇದು ಇಂಟರ್‌ವ್ಯೂ ದಿನ ಕಾಣುವುದಿಲ್ಲ. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇತ್ತು. ಒಟ್ಟು 4 ವರ್ಷ, ಮೊದಲನೆಯದು ಇಂಟರ್ನ್ ವರ್ಷ, ಉಳಿದ 3 ವರ್ಷ ನಮ್ಮ ವಿಷಯ. ಅದರಲ್ಲಿ ಕನಿಷ್ಠ 12 ತಿಂಗಳು ವಾರ್ಡ್, ಕನಿಷ್ಠ 12 ತಿಂಗಳು ಔಟ್‌ಪೇಷೆಂಟ್ ಕ್ಲಿನಿಕ್ ಅಂತ ಎಸಿಜಿಎಂಇ (ಅಮೆರಿಕದ ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ನಿಯಮವಿದೆ, ನಮ್ಮ ವೇಳಾಪಟ್ಟಿಯಲ್ಲೂ ಹಾಗೇ ಬರೆದಿತ್ತು. ಆದರೆ ವಾರ್ಡಿನಲ್ಲಿ ಒಬ್ಬರಿಗೆ ಹುಷಾರಿಲ್ಲ, ಇನ್ನೊಬ್ಬರಿಗೆ ಹೆರಿಗೆ ರಜೆ, ಮತ್ತೊಬ್ಬರಿಗೆ ಫೆಲೋಶಿಪ್ (ರೆಸಿಡೆನ್ಸಿ ಮುಗಿದ ಮೇಲಿನ ವಿಶೇಷ ತರಬೇತಿ) ಇಂಟರ್‌ವ್ಯೂ ಅಂದ ತಕ್ಷಣ ಸ್ಪೈನ್ ಕ್ಲಿನಿಕ್ಕಿನಲ್ಲಿ ಇದ್ದವರಿಗೆ ಬೆಳಗ್ಗೆಯೇ ಮೆಸೇಜ್ ಬರುತ್ತಿತ್ತು, ಕ್ಲಿನಿಕ್ ಬಿಟ್ಟು ವಾರ್ಡಿಗೆ ಬನ್ನಿ ಅಂತ. ಕ್ಲಿನಿಕ್ ರೆಸಿಡೆಂಟ್ ಇಲ್ಲದೆಯೂ ನಡೆಯುತ್ತದೆ, ವಾರ್ಡ್ ನಡೆಯುವುದಿಲ್ಲ. ಹಾಗಾಗಿ ಯಾವಾಗಲೂ ಕತ್ತರಿ ಬೀಳುತ್ತಿದ್ದದ್ದು ಕ್ಲಿನಿಕ್ಕಿಗೇ.

ನಷ್ಟ ಎಲ್ಲಿ ಆಯಿತು ಅಂತ ನೋಡಿ. ಇಎಂಜಿ, ಅಂದರೆ ನರ ಮತ್ತು ಸ್ನಾಯುಗಳ ವಿದ್ಯುತ್ ಪರೀಕ್ಷೆ, ಕೈಯಲ್ಲಿ ಮಾಡಿಯೇ ಕಲಿಯಬೇಕಾದ ವಿದ್ಯೆ. ಸೂಜಿ ಯಾವ ಸ್ನಾಯುವಿಗೆ ಹೋಗಬೇಕು, ಮಷಿನ್‌ನಿಂದ ಬರುವ ಶಬ್ದ ಸಹಜವೋ ಅಲ್ಲವೋ, ಒಂದು ನರ ನಿಧಾನವಾಗಿದ್ದರೆ ಮುಂದೆ ಯಾವುದನ್ನು ಪರೀಕ್ಷೆ ಮಾಡಬೇಕು, ಇವು ಯಾವುದೂ ಪುಸ್ತಕದಿಂದ ಬರುವುದಿಲ್ಲ. ರೆಸಿಡೆನ್ಸಿ ಮುಗಿಯುವಷ್ಟರಲ್ಲಿ 200 ಇಎಂಜಿ ಆಗಬೇಕು ಅನ್ನುವುದು ಲೆಕ್ಕ. ನಮ್ಮಲ್ಲಿ ಅಟೆಂಡಿಂಗ್ (ನಮಗೆ ಕಲಿಸಬೇಕಾದ ಹಿರಿಯ ಡಾಕ್ಟರ್) ಅವಸರದಲ್ಲಿ ತಾವೇ ಮಾಡಿ ಮುಗಿಸುತ್ತಿದ್ದರು, ನಾವು ಹಿಂದೆ ನಿಂತು ನೋಡಬೇಕು. ಅದಕ್ಕೇ ಎಷ್ಟು ಇಎಂಜಿ ಆಗುತ್ತದೆ ಅಂತ ಮಾತ್ರ ಕೇಳಬೇಡಿ, ಪರೀಕ್ಷೆಯನ್ನು ಶುರುವಿನಿಂದ ರಿಪೋರ್ಟ್ ತನಕ ನೀವೇ ಮಾಡಿದ್ದು ಎಷ್ಟು ಅಂತ ಕೇಳಿ. ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುವ ಇಂಜೆಕ್ಷನ್‌ಗಳು, ಬೊಟಾಕ್ಸ್, ಬ್ಯಾಕ್ಲೊಫೆನ್ ಪಂಪ್ (ಸ್ನಾಯು ಬಿಗಿತಕ್ಕೆ ಬೆನ್ನುಹುರಿಯ ಸುತ್ತ ಔಷಧಿ ಬಿಡುವ ಪಂಪ್), ಇವಕ್ಕೂ ಇದೇ ಪ್ರಶ್ನೆ. ಪೇನ್ ಫೆಲೋಗಳು (ನೋವಿನ ಚಿಕಿತ್ಸೆಯಲ್ಲಿ ಫೆಲೋಶಿಪ್ ಮಾಡುತ್ತಿರುವವರು) ಇರುವ ಕಡೆ ಒಳ್ಳೆಯ ಪ್ರೊಸೀಜರ್ ಎಲ್ಲ ಅವರಿಗೇ ಹೋಗುತ್ತದಾ, ರೆಸಿಡೆಂಟ್‌ಗೂ ಸಿಗುತ್ತದಾ ಅಂತಲೂ ಕೇಳಿ.

ನನಗೆ ಇವತ್ತಿಗೂ ಸಿಟ್ಟು ತರಿಸುವುದು ಬೇರೆ ವಿಷಯ. ಬೆನ್ನುಹುರಿಗೆ ಟಿ6 (ಎದೆಭಾಗದ ಆರನೆಯ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಬರಬಹುದು. ಬಿಪಿ ಏಕಾಏಕಿ ಏರುತ್ತದೆ, ತಲೆ ಸಿಡಿಯುತ್ತದೆ, ಕಾರಣ ಎಷ್ಟೋ ಸಲ ಕಟ್ಟಿಕೊಂಡ ಕ್ಯಾಥೆಟರ್ ಅಥವಾ ಮಲಬದ್ಧತೆ ಅಷ್ಟೇ. ಪೇಷೆಂಟನ್ನು ಎಬ್ಬಿಸಿ ಕೂರಿಸಬೇಕು, ಬಿಗಿ ಬಟ್ಟೆ ಸಡಿಲಿಸಬೇಕು, ಕ್ಯಾಥೆಟರ್ ನೋಡಬೇಕು. ಹಾಗೇ ಬಿಟ್ಟರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಈ ಪಾಠ ಮೊದಲ ವಾರದಲ್ಲೇ ಆಗಬೇಕಲ್ವಾ? ನಮ್ಮಲ್ಲಿ ವಾರ್ಡಿನಲ್ಲಿ ಕೆಲಸ ಜಾಸ್ತಿ ಅಂತ ಕ್ಲಾಸುಗಳು ಮುಂದಕ್ಕೆ ಹೋಗುತ್ತಲೇ ಇದ್ದವು. ನನ್ನ ಜೂನಿಯರ್ ಒಬ್ಬರು ಇದನ್ನು ಮೊದಲ ಬಾರಿ ನೋಡಿದ್ದು ರಾತ್ರಿ ಕಾಲ್‌ನಲ್ಲಿ (ಕರೆ ಬಂದಾಗ ನೋಡುವ ಡ್ಯೂಟಿಯಲ್ಲಿ), ಒಬ್ಬರೇ. ಅನುಭವಿ ನರ್ಸ್ ಒಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದಕ್ಕೆ ಆ ಪೇಷೆಂಟ್ ಉಳಿದರು. ಕಲಿಸಬೇಕಾಗಿದ್ದ ಅಟೆಂಡಿಂಗ್ ಮನೆಯಲ್ಲಿದ್ದರು.

ಕೆಲಸದ ಗಂಟೆಗಳ ವಿಷಯಕ್ಕೂ ಹುಷಾರು. 4 ವಾರದ ಸರಾಸರಿಯಲ್ಲಿ ವಾರಕ್ಕೆ 80 ಗಂಟೆ ಮೀರಬಾರದು, ಮನೆಯಿಂದ ಕಾಲ್ ಇರುವಾಗ ಮಾಡಿದ ಪೇಷೆಂಟ್ ಕೆಲಸವೂ ಅದರಲ್ಲಿ ಸೇರಬೇಕು. ನಮಗೆ ಅದನ್ನು ಬರೆಯಬೇಡಿ ಅಂತ ಬಾಯಿಮಾತಿನಲ್ಲಿ ಹೇಳಿದ್ದರು. ಎಸಿಜಿಎಂಇ ಪ್ರತಿ ವರ್ಷ ರೆಸಿಡೆಂಟ್‌ಗಳಿಂದ ಹೆಸರಿಲ್ಲದೆ ಸರ್ವೆ ತುಂಬಿಸುತ್ತದೆ. ಅದರ ಹಿಂದಿನ ವಾರ ನಮ್ಮನ್ನು ಕೂರಿಸಿ, ಪ್ರೋಗ್ರಾಂಗೆ ಕೆಟ್ಟ ಹೆಸರು ಬಂದರೆ ಹಾಳಾಗುವುದು ನಿಮ್ಮ ಸರ್ಟಿಫಿಕೇಟೇ ಅಂದರು. ವೀಸಾದ ಮೇಲೆ ಬಂದವರು ಆಮೇಲೆ ಬಾಯಿ ಬಿಡುತ್ತಾರಾ? ಸುಮ್ನೆ ಎಲ್ಲ ಚೆನ್ನಾಗಿದೆ ಅಂತ ಟಿಕ್ ಹಾಕಿದರು.

ಸೇರಿದ ಮೇಲೆ ಹೊರಗೆ ಬರುವುದು ಕಷ್ಟ. ಮ್ಯಾಚ್ ಆದರೆ, ಅಂದರೆ ನೀವು ಮತ್ತು ಪ್ರೋಗ್ರಾಂಗಳು ಕೊಟ್ಟ ಆದ್ಯತೆ ಪಟ್ಟಿಗಳನ್ನು ಹೊಂದಿಸಿ ಸೀಟು ಸಿಕ್ಕರೆ, ಅದು ಒಪ್ಪಂದ. ಬೇರೆ ಕಡೆ ಹೋಗಬೇಕೆಂದರೆ ಅಲ್ಲಿ ಸೀಟು ಖಾಲಿ ಇರಬೇಕು, ಈಗಿನ ಡೈರೆಕ್ಟರ್ ಪತ್ರ ಕೊಡಬೇಕು, ವೀಸಾ ಕಾಗದಗಳೂ ಹೊಂದಬೇಕು.

ಆದ್ದರಿಂದ ಇಂಟರ್‌ವ್ಯೂನಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಇಡಿ: ರೆಸಿಡೆಂಟ್ ಇಲ್ಲದ ದಿನ ವಾರ್ಡ್ ಯಾರು ನೋಡುತ್ತಾರೆ? ಹಾಸ್ಪಿಟಲಿಸ್ಟ್ ಇದ್ದಾರೆ, ಅಟೆಂಡಿಂಗ್ ತಾವೇ ನೋಡುತ್ತಾರೆ ಅಂದರೆ ಒಳ್ಳೆಯದು. ನಾವೆಲ್ಲ ಒಂದೇ ಮನೆಯವರ ಹಾಗೆ, ಒಬ್ಬರಿಗೊಬ್ಬರು ಆಗುತ್ತೇವೆ ಅಂದರೆ, ಕ್ಲಿನಿಕ್ಕಿನಿಂದ ಎಳೆದುಕೊಂಡು ಬರುತ್ತಾರೆ ಅಂತಲೇ ತಿಳಿಯಿರಿ. ಮಾದರಿ ವೇಳಾಪಟ್ಟಿ ಬೇಡ, ಹೋದ ತಿಂಗಳು ನಿಜವಾಗಿ ನಡೆದ ವೇಳಾಪಟ್ಟಿ ತೋರಿಸಿ ಅನ್ನಿ. ಎಸಿಜಿಎಂಇ ವೆಬ್‌ಸೈಟಿನಲ್ಲಿ ಪ್ರೋಗ್ರಾಂನ ಮಾನ್ಯತೆ ಯಾವ ಸ್ಥಿತಿಯಲ್ಲಿದೆ ಅಂತ ಯಾರು ಬೇಕಾದರೂ ನೋಡಬಹುದು, ಆದರೆ ಅಲ್ಲಿ ಎಲ್ಲ ಸರಿ ಇದೆ ಅಂತ ಕಂಡರೂ ಅಷ್ಟಕ್ಕೇ ನಂಬಬೇಡಿ, ನಮ್ಮದೂ ಹಾಗೇ ಕಾಣುತ್ತಿತ್ತು. ಡೈರೆಕ್ಟರ್ ಪದೇಪದೇ ಬದಲಾಗಿದ್ದರೆ, ಯಾವುದೋ ಬ್ಯಾಚಿನಲ್ಲಿ ಇರಬೇಕಾದ ಒಬ್ಬರು ಕಾಣದಿದ್ದರೆ, ಯಾಕೆ ಅಂತ ಕೇಳಿ.

ಆ ಪ್ರಶ್ನೆಗಳನ್ನು ಜೂಮ್ ಕಾಲ್‌ನಲ್ಲಿ ಎಲ್ಲರ ಮುಂದೆ ಕೇಳಿದರೆ ನಗುಮುಖದ ಉತ್ತರವಷ್ಟೇ ಸಿಗುತ್ತದೆ. ಮುಗಿಸಿ ಹೋದವರನ್ನು ಹುಡುಕಿ, ಒಬ್ಬರನ್ನೇ ಫೋನಿನಲ್ಲಿ ಮಾತಾಡಿಸಿ. ಅವರಿಗೆ ಹೆದರಿಕೆ ಇರುವುದಿಲ್ಲ. ಬಿಟ್ಟು ಹೋದವರು ಸಿಕ್ಕರೆ ಇನ್ನೂ ಒಳ್ಳೆಯದು. ರ‍್ಯಾಂಕ್ ಲಿಸ್ಟ್ (ನೀವು ಕೊಡುವ ಆ ಆದ್ಯತೆ ಪಟ್ಟಿ) ಫೆಬ್ರವರಿ ಕೊನೆಗೋ ಮಾರ್ಚ್ ಶುರುವಿಗೋ ಲಾಕ್ ಆಗುತ್ತದೆ, ಈ ಫೋನ್‌ಗಳನ್ನೆಲ್ಲ ಜನವರಿಯಲ್ಲೇ ಮಾಡಿಬಿಡಿ. ಉತ್ತರ ಸರಿ ಅನಿಸದ ಜಾಗವನ್ನು ಲಿಸ್ಟಿನ ಕೊನೆಗೆ ಹಾಕುವುದೂ ಅಪಾಯವೇ, ಕೊನೆಯದಕ್ಕೆ ಮ್ಯಾಚ್ ಆದರೂ ಹೋಗಲೇಬೇಕು.