ಮಗಳ ಮೂರು ಡೈನೋಸಾರ್ ಪುಸ್ತಕ, ಚಿತ್ರ ಯಾವುದ್ರಲ್ಲಿ ಚೆನ್ನಾಗಿದೆ?

ಮಗಳಿಗೆ ಆರು ವರ್ಷ, ಡೈನೋಸಾರ್ ಹುಚ್ಚು ಹತ್ತಿ ಒಂದು ವರ್ಷ ಆಯ್ತು. ಮನೇಲೀಗ ಮೂರು ಪುಸ್ತಕ ಇವೆ, ಮಲಗೋಕೆ ಮುಂಚೆ ದಿನಾ ಒಂದು ಆಗ್ಲೇಬೇಕು. ನಾನು ಓದೋದು ಅಕ್ಷರ, ಅವಳು ಓದೋದು ಚಿತ್ರ, ಹಾಗಾಗಿ ಚಿತ್ರದ ಬಗ್ಗೆ ಮಾತ್ರ ಹೇಳ್ತೀನಿ.

ಫುಟ್‌ಪಾತಲ್ಲಿ 80 ರೂಪಾಯಿಗೆ ತಗೊಂಡ ರಟ್ಟಿನ ಪುಸ್ತಕದಲ್ಲಿ ಟಿ. ರೆಕ್ಸ್ ಕಾಂಗರೂ ತರ ನೆಟ್ಟಗೆ ನಿಂತು ಬಾಲ ಎಳ್ಕೊಂಡು ಹೋಗ್ತಿದೆ, ಕೈಗೆ ಮೂರು ಬೆರಳು ಬೇರೆ (ಇದ್ದಿದ್ದು ಎರಡೇ). ಪಕ್ಕದಲ್ಲೇ ಸ್ಟೆಗೊಸಾರಸ್, ಇವೆರಡರ ನಡುವೆ ಸುಮಾರು 8 ಕೋಟಿ ವರ್ಷದ ಅಂತರ ಇದೆ. ರಟ್ಟು ಗಟ್ಟಿಯಾಗಿದೆ, ಅಷ್ಟೇ.

ಎರಡನೇದು 900 ರೂಪಾಯಿಯ ದೊಡ್ಡ ಎನ್‌ಸೈಕ್ಲೋಪೀಡಿಯಾ, ಪೂರ್ತಿ ಕಂಪ್ಯೂಟರ್ ಗ್ರಾಫಿಕ್ಸ್. ಅಂಗಡೀಲಿ ನೋಡಿದಾಗ ಬೆರಗಾಗಿದ್ದು ನಿಜ, ಹಲ್ಲಿಂದ ಜೊಲ್ಲು ಸೋರೋದೂ ಕಾಣುತ್ತೆ. ಆದ್ರೆ ದಿನಾ ನೋಡ್ತಾ ನೋಡ್ತಾ ಬೇಜಾರಾಯ್ತು, ಎಲ್ಲಾ ಪ್ರಾಣೀನೂ ಬಾಯಿ ತೆಗೆದು ಕಿರುಚ್ತಾನೇ ಇರುತ್ತೆ, ಕಾಡಿನ ಫೋಟೋ ಮೇಲೆ ಅಂಟಿಸಿದ ಹಾಗಿದೆ, ಕಾಲು ನೆಲಕ್ಕೇ ತಾಗಿಲ್ಲ, ಮರದ ನೆರಳು ಒಂದು ಕಡೆ ಪ್ರಾಣಿ ನೆರಳು ಇನ್ನೊಂದು ಕಡೆ. ವೆಲೊಸಿರ‍್ಯಾಪ್ಟರ್‌ಗೆ ಒಂದು ಗರೀನೂ ಇಲ್ಲ. ಮಂಗೋಲಿಯಾದಲ್ಲಿ ಸಿಕ್ಕ ಅದರ ಮುಂಗೈ ಮೂಳೇಲಿ ಗರಿ ಕೂತಿದ್ದ ಗುಬುಟುಗಳಿವೆ ಅಂತ 2007ರಲ್ಲೇ ತೋರಿಸಿದಾರೆ, ಇಷ್ಟು ದುಡ್ಡು ತಗೊಂಡು ಅದನ್ನಾದ್ರೂ ನೋಡ್ಬೇಕಿತ್ತು.

ಮೂರನೇದು ತೆಳ್ಳಗಿದೆ, ಹನ್ನೆರಡೇ ಪ್ರಾಣಿ, ಕೈಯಲ್ಲೇ ಬಿಡಿಸಿದ ಜಲವರ್ಣ. ನನ್ನ ಓಟು ಇದಕ್ಕೇ. ಸೈನೊಸಾರಾಪ್ಟರಿಕ್ಸ್ ಅನ್ನೋ ಪುಟ್ಟದೊಂದು ಜರಿಗಿಡದ ಮಧ್ಯೆ ಬಾಯಿ ಮುಚ್ಕೊಂಡು ನಿಂತಿದೆ, ಬಾಲದ ತುಂಬ ಕೆಂಗಂದು ಬಿಳಿ ಪಟ್ಟೆ. ಆ ಪಟ್ಟೆ ಕಲ್ಪನೆ ಅಲ್ಲ, ಪಳೆಯುಳಿಕೆಯ ಗರೀಲಿ ಬಣ್ಣದ ಕುರುಹು ಸಿಕ್ಕಿದ್ದು 2010ರಲ್ಲಿ. ಕಾಲಿನ ಭಾರಕ್ಕೆ ಕೆಸರು ಒಳಗೆ ಹೋಗಿ ಬೆರಳ ಸಂದೀಲಿ ಉಬ್ಬಿರೋದನ್ನೂ ಬಿಡಿಸಿದಾರೆ. ಅಂಗೈ ನೆಲ ನೋಡ್ತಿಲ್ಲ, ಒಂದಕ್ಕೊಂದು ಎದುರಾಗಿವೆ, ನಿಜವಾಗ್ಲೂ ಹಾಗೇ ಇದ್ದಿದ್ದು. ಮಗಳು ಅದನ್ನ ನೋಡಿ ತನ್ನ ಕೈ ಹಾಗೇ ಇಟ್ಕೊಂಡು "ಅಪ್ಪ, ಇದು ಚಪ್ಪಾಳೆ ತಟ್ಟುತ್ತಾ?" ಅಂದ್ಳು. ಎನ್‌ಸೈಕ್ಲೋಪೀಡಿಯಾ ನೋಡಿ ಒಂದು ದಿನಾನೂ ಇಂಥ ಪ್ರಶ್ನೆ ಬಂದಿರ್ಲಿಲ್ಲ.

ಇದರಲ್ಲೂ ಒಂದು ಕೊರತೆ ಇದೆ, ಪ್ರಾಣಿ ಎಷ್ಟು ದೊಡ್ಡದು ಅಂತ ಗೊತ್ತಾಗೋಕೆ ಪಕ್ಕದಲ್ಲಿ ಮನುಷ್ಯನ ಚಿತ್ರ ಹಾಕಿಲ್ಲ. ಅದಕ್ಕೆ ಗೋಡೆ ಮೇಲೆ ಅರ್ಧ ಮೀಟರ್‌ಗೆ ಪೆನ್ಸಿಲ್ ಗೆರೆ ಎಳ್ದು ವೆಲೊಸಿರ‍್ಯಾಪ್ಟರ್ ಸೊಂಟ ಇಷ್ಟೇ ಎತ್ತರ ಅಂತ ತೋರಿಸ್ದೆ, ಈಗ ದಿನಾ ಹೋಗಿ ಅದರ ಪಕ್ಕ ನಿಂತ್ಕೊತಾಳೆ.