ಕುಕೀ ಮಾಡಲು ಒಟಿಜಿ: ನಾಬ್ ಹೇಳುವುದೊಂದು, ಒಳಗಿನ ಬಿಸಿ ಇನ್ನೊಂದು

ಒಟಿಜಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಒಂದರಲ್ಲೇ ಇರುವ ಪುಟ್ಟ ಕರೆಂಟ್ ಓವನ್, ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಲೀಟರ್ ಎಂದು. ಕುಕೀ ಮಾಡುವವರಿಗೆ ಆ ಪ್ರಶ್ನೆ ಅಷ್ಟೇನೂ ಮುಖ್ಯವಲ್ಲ. ಕೇಕ್ ಐದು ನಿಮಿಷ ಹೆಚ್ಚುಕಡಿಮೆಯಾದರೂ ಸಹಿಸಿಕೊಳ್ಳುತ್ತದೆ. ಒಂದು ಸೆಂಟಿಮೀಟರ್ ದಪ್ಪದ ಕುಕೀಗೆ ಆ ತಾಳ್ಮೆ ಇಲ್ಲ, ಹಸಿಯಾಗಿದ್ದದ್ದು ಎರಡು ಮೂರು ನಿಮಿಷದಲ್ಲಿ ಹದ ದಾಟಿ ಸೀಯತೊಡಗುತ್ತದೆ. ಮನೆಯ ಓವನ್ನಿನ ಯೋಗ್ಯತೆ ಅಳೆಯಲು ಇದಕ್ಕಿಂತ ಬಿಗಿಯಾದ ಪರೀಕ್ಷೆ ಸಿಗುವುದು ಕಷ್ಟ. ಇಲ್ಲಿ ಪರೀಕ್ಷೆಗೆ ಕೂತಿರುವುದು 25ರಿಂದ 35 ಲೀಟರಿನ, ಮೇಲೂ ಕೆಳಗೂ ರಾಡ್ ಇರುವ, ನಾಬ್ ತಿರುಗಿಸುವ ಮಾಮೂಲಿ ಒಟಿಜಿ, ಮತ್ತು ಅದರ ಜೊತೆ ಬರುವ ಹಾಗೂ ಬೇರೆಯಾಗಿ ಕೊಳ್ಳಬೇಕಾದ ಸಾಮಾನುಗಳು. ಫಲಿತಾಂಶ ಮೊದಲೇ ಹೇಳಿಬಿಡುವುದಾದರೆ: ಪೆಟ್ಟಿಗೆ ಪಾಸು, ನಾಬ್ ನಪಾಸು, ಜೊತೆಗೆ ಬರುವ ಕಪ್ಪು ಟ್ರೇ ನೇರ ಅಟ್ಟಕ್ಕೆ.

ನಾಬ್ ನಪಾಸಾಗಲು ಕಾರಣ ಅದರ ಹಿಂದಿರುವ ಥರ್ಮೋಸ್ಟಾಟ್. ಇಂಥ ಓವನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಲೋಹ ಬೆಸೆದ ಒಂದು ಪಟ್ಟಿ ಬಿಸಿಗೆ ಬಾಗಿ ಕರೆಂಟ್ ಕಡಿಯುತ್ತದೆ, ತಣಿದಾಗ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ಈ ಕಡಿಯುವ ಮತ್ತು ಕೂಡಿಸುವ ನಡುವೆ ಒಳಗಿನ ಬಿಸಿ ಉಯ್ಯಾಲೆಯಾಡುತ್ತಿರುತ್ತದೆ. 180 ಡಿಗ್ರಿಗೆ ಇಟ್ಟ ಓವನ್ 200 ಮುಟ್ಟಿ, 165ಕ್ಕೆ ಇಳಿದು, ಮತ್ತೆ ಮೇಲೇರಿದರೆ ಅದು ಕೆಟ್ಟಿದೆ ಎಂದಲ್ಲ, ಅದರ ಸ್ವಭಾವವೇ ಹಾಗೆ. ಸಾಲದ್ದಕ್ಕೆ ಆ ಪಟ್ಟಿ ಬಿಸಿ ಅಳೆಯುವುದು ತಾನು ಕೂತಿರುವ ಪಕ್ಕದ ಗೋಡೆಯ ಬಳಿ, ಟ್ರೇ ಇರುವ ನಡುಭಾಗದಲ್ಲಲ್ಲ. ಕರೆಂಟ್ ಸೂಚಿಸುವ ದೀಪ ಆರಿತು, ಓವನ್ ಕಾದಿದೆ ಎಂದು ಟ್ರೇ ಒಳಗಿಡುವುದು ತೀರಾ ಸಾಮಾನ್ಯ ತಪ್ಪು. ದೀಪ ಮೊದಲ ಸಲ ಆರುವಾಗ ಗಾಳಿ ಮಾತ್ರ ಬಿಸಿಯಾಗಿರುತ್ತದೆ, ಗೋಡೆ, ಗಾಜು, ಕಂಬಿ ಇನ್ನೂ ಕಾದಿರುವುದಿಲ್ಲ. ಬಾಗಿಲು ತೆರೆದ ಕ್ಷಣ ಆ ಗಾಳಿ ಹೊರಬಿದ್ದರೆ ಮುಗಿಯಿತು. ಎರಡೂ ರಾಡ್ ಹಾಕಿ 15ರಿಂದ 20 ನಿಮಿಷ ಕಾಯಿಸಲೇಬೇಕು.

ಓವನ್ ಒಳಗೆ ಇಡುವ ಪುಟ್ಟ ಥರ್ಮಾಮೀಟರ್ ಇಲ್ಲಿ ಬಹಳ ಉಪಕಾರಿ. ನಿಜ ಹೇಳಬೇಕೆಂದರೆ, ಈ ವಿಮರ್ಶೆಯಲ್ಲಿ ಪೂರ್ತಿ ಅಂಕ ಪಡೆಯುವ ಎರಡೇ ವಸ್ತುಗಳಲ್ಲಿ ಇದೊಂದು. ಟ್ರೇ ಇಡುವ ಕಂಬಿಯ ನಡುಭಾಗದಲ್ಲಿ ಇಟ್ಟು, 20 ನಿಮಿಷ ಕಾದ ಮೇಲೆ ಎರಡೆರಡು ನಿಮಿಷಕ್ಕೊಮ್ಮೆ ನಾಲ್ಕೈದು ಸಲ ಗಾಜಿನಾಚೆಯಿಂದಲೇ ಓದಿ ಸರಾಸರಿ ತೆಗೆಯಿರಿ. ನಾಬ್ 180 ಎನ್ನುವಾಗ ಸರಾಸರಿ 195 ಬಂದರೆ ಇನ್ನು ಮುಂದೆ ನಿಮ್ಮ 180 ಎಂದರೆ ನಾಬಿನ 165. ಥರ್ಮಾಮೀಟರ್ ಇಲ್ಲದವರಿಗೆ ಸಕ್ಕರೆಯ ದಾರಿಯಿದೆ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಅಲ್ಯೂಮಿನಿಯಂ ಹಾಳೆಯ ಮೇಲೆ ಒಂದು ಚಮಚ ಸಕ್ಕರೆ ಹರಡಿ, 175ಕ್ಕೆ ಕಾದ ಓವನ್ನಿನಲ್ಲಿ 15 ನಿಮಿಷ ಇಟ್ಟರೆ ಹರಳು ಹರಳಾಗಿಯೇ ಉಳಿಯಬೇಕು. 190ಕ್ಕೆ ಏರಿಸಿ ಮತ್ತೆ 15 ನಿಮಿಷ ಬಿಟ್ಟರೆ ಕರಗಬೇಕು. ಮೊದಲ ಸುತ್ತಿನಲ್ಲೇ ಕರಗಿತೆಂದರೆ ಓವನ್ ಹೇಳುವುದಕ್ಕಿಂತ ಹೆಚ್ಚು ಬಿಸಿ, ಎರಡನೆಯದರಲ್ಲೂ ಕರಗದಿದ್ದರೆ ಕಡಿಮೆ. ಯಾವ ಮೂಲೆ ಹೆಚ್ಚು ಕಾಯುತ್ತದೆಂದು ತಿಳಿಯಲು ಟ್ರೇ ತುಂಬ ಬ್ರೆಡ್ ಹಾಸಿ 175ರಲ್ಲಿ ಹತ್ತು ನಿಮಿಷ ಇಡಿ. ಕಂದು ಬಣ್ಣ ಎಲ್ಲಿ ಗಾಢವೋ ಅಲ್ಲೇ ಕುಕೀ ಸೀಯುವುದು. ಅಂಥ ಓವನ್ನಿನಲ್ಲಿ ಅರ್ಧ ಸಮಯ ಕಳೆದ ಮೇಲೆ ಟ್ರೇಯ ಹಿಂಬದಿ ಮುಂದಕ್ಕೆ ಬರುವಂತೆ ತಿರುಗಿಸಿಡಬೇಕು.

ಇನ್ನು ಪೆಟ್ಟಿಗೆ. ಗಾತ್ರ ಚಿಕ್ಕದಾದ್ದರಿಂದ ಟ್ರೇಗೂ ಕೆಂಪಗೆ ಕಾದ ರಾಡಿಗೂ ನಡುವೆ ಒಂದು ಗೇಣೂ ಇರುವುದಿಲ್ಲ. ಬಿಸಿ ಗಾಳಿಗಿಂತ ರಾಡಿನ ನೇರ ಝಳವೇ ಇಲ್ಲಿ ಜೋರು. ‘ತಳ ಸೀದಿದೆ, ಮೇಲೆ ಬೆಳ್ಳಗಿದೆ’ ಎಂಬ ದೂರಿನ ಮೂಲ ಇದೇ. ಪರಿಹಾರ ಸುಲಭ: ಟ್ರೇಯನ್ನು ಒಂದು ಮೆಟ್ಟಿಲು ಮೇಲಿಡಿ, ಅಥವಾ ಅದರ ಕೆಳಗೆ ಇನ್ನೊಂದು ಖಾಲಿ ಟ್ರೇ ಸೇರಿಸಿ ಜೋಡಿ ಮಾಡಿ. ಜೊತೆಗೆ ಬರುವ ಕಪ್ಪು ಟ್ರೇ ಈ ಕಾಯಿಲೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ಏಕೆಂದರೆ ಗಾಢ ಬಣ್ಣ ಝಳವನ್ನು ಹೀರಿಕೊಳ್ಳುತ್ತದೆ. ಅದನ್ನೇ ಬಳಸಬೇಕಾದರೆ ಬಿಸಿ 10ರಿಂದ 15 ಡಿಗ್ರಿ ತಗ್ಗಿಸಿ. ತೆಳು ತಗಡಿನ ಟ್ರೇ ಬಿಸಿಗೆ ಟಪ್ಪೆಂದು ಸೊಟ್ಟಗಾಗಿ ಹಿಟ್ಟಿನ ಉಂಡೆಗಳು ಒಂದೇ ಬದಿಗೆ ಜಾರುವುದೂ ಉಂಟು. ದಪ್ಪ ಅಲ್ಯೂಮಿನಿಯಂನ, ಲೇಪವಿಲ್ಲದ ಬಿಳಿಚು ಟ್ರೇ ಕೊಳ್ಳಿ. ಸುತ್ತಲೂ ಎರಡು ಮೂರು ಸೆಂಟಿಮೀಟರ್ ಜಾಗ ಬಿಡುವಂಥ ಅಳತೆ ಇರಲಿ, ಗೋಡೆಗೆ ಗೋಡೆ ಮುಟ್ಟುವ ಟ್ರೇ ಗಾಳಿಯ ದಾರಿ ಮುಚ್ಚುತ್ತದೆ. ಇದೇ ಕಾರಣಕ್ಕೆ ಎರಡು ಟ್ರೇ ಒಟ್ಟಿಗೆ ಇಡುವ ಆಸೆ ಬೇಡ. ಫ್ಯಾನ್ ಇರುವ ಮಾದರಿಯಲ್ಲಿ ಬಣ್ಣ ಹೆಚ್ಚು ಸಮನಾಗಿ ಬರುತ್ತದೆ, ಆದರೆ ಬಿಸಿಯನ್ನು 15ರಿಂದ 20 ಡಿಗ್ರಿ ಇಳಿಸದಿದ್ದರೆ ಅಂಚು ಒಣಗುತ್ತದೆ.

ಹಾಸಲು ಸಿಲಿಕೋನ್ ಮ್ಯಾಟೋ ಕಾಗದವೋ? ಮ್ಯಾಟ್ ಮತ್ತೆ ಮತ್ತೆ ಬಳಸಬಹುದು ನಿಜ, ಆದರೆ ಅದು ಬಿಸಿಯನ್ನು ತಡೆಯುತ್ತದೆ ಮತ್ತು ಜಾರುತ್ತದೆ. ಹಾಗಾಗಿ ಕುಕೀ ಹೆಚ್ಚು ಹರಡುತ್ತದೆ, ತಳ ಬಿಳಿಚಾಗಿ ಮೆತ್ತಗೆ ಉಳಿಯುತ್ತದೆ. ಗರಿಗರಿ ತಳ ಬೇಕೆನ್ನುವವರಿಗೆ ಸಿಲಿಕೋನ್ ಲೇಪಿತ ಬೇಕಿಂಗ್ ಕಾಗದವೇ ಸರಿ. ಮೇಣದ ಕಾಗದ ಬೇಡವೇ ಬೇಡ, ಮೇಣ ಕರಗಿ ಹೊಗೆಯೇಳುತ್ತದೆ. ಬರಿ ಟ್ರೇಗೆ ಬೆಣ್ಣೆ ಸವರುವುದೂ ಕುಕೀಗೆ ಒಗ್ಗುವುದಿಲ್ಲ, ಜಿಡ್ಡಿನ ಮೇಲೆ ಹಿಟ್ಟು ಹಿಡಿತ ಸಿಗದೆ ಹರಿಯುತ್ತದೆ.

ಹೊಸ ಓವನ್ ಬಂದ ದಿನವೇ ಚಾಕೊಲೇಟ್ ಚಿಪ್ ಕುಕೀ ಮಾಡಹೊರಡುವುದು ಎಡವಟ್ಟು. ಅದರಲ್ಲಿ ಮೊಟ್ಟೆ, ಸೋಡಾ, ಎರಡು ಬಗೆಯ ಸಕ್ಕರೆ ಎಲ್ಲ ಇರುವುದರಿಂದ ತಪ್ಪು ಯಾರದೆಂದು ಪತ್ತೆಯಾಗುವುದಿಲ್ಲ. ಮೊದಲು ಶಾರ್ಟ್‌ಬ್ರೆಡ್ ಎಂಬ ಸರಳ ಬೆಣ್ಣೆ ಬಿಸ್ಕತ್ತು ಮಾಡಿ. ಸಕ್ಕರೆ, ಬೆಣ್ಣೆ, ಮೈದಾ ತೂಕದಲ್ಲಿ 1:2:3, ಅಂದರೆ 50 ಗ್ರಾಂ ಸಕ್ಕರೆ ಪುಡಿ, 100 ಗ್ರಾಂ ಬೆಣ್ಣೆ, 150 ಗ್ರಾಂ ಮೈದಾ, ಚಿಟಿಕೆ ಉಪ್ಪು. ಬೆಣ್ಣೆ ಸಕ್ಕರೆ ಕೂಡಿಸಿ, ಮೈದಾ ಬೆರೆಸಿ, ಉಂಡೆಯಾದೊಡನೆ ಕೈ ನಿಲ್ಲಿಸಿ. ಒಂದು ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, 5 ಸೆಂಟಿಮೀಟರ್ ಅಗಲದ ಬಿಲ್ಲೆ ಕತ್ತರಿಸಿದರೆ ಸುಮಾರು ಹನ್ನೆರಡು ಆಗುತ್ತವೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು 160 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಇದರಲ್ಲಿ ಉಬ್ಬಿಸುವ ವಸ್ತು ಒಂದೂ ಇಲ್ಲ, ಹಾಗಾಗಿ ತಕರಾರು ಬಂದರೆ ಬಹುಮಟ್ಟಿಗೆ ಓವನ್ನಿನದೇ. ಒಂದು ಬದಿ ಕಂದಾದರೆ ಬಿಸಿ ಸಮವಿಲ್ಲ. ಹದಿನೈದು ನಿಮಿಷಕ್ಕೇ ಅಂಚು ಕಂದಾಗಿ ಒಳಗೆ ಹಸಿಯಾಗಿದ್ದರೆ ಬಿಸಿ ಹೆಚ್ಚು. ಅಂಚು ಕರಗಿ ಬೆಣ್ಣೆ ಜಿನುಗಿ ನಿಂತಿದ್ದರೆ ಓವನ್ ಕಾಯುವ ಮೊದಲೇ ಟ್ರೇ ಇಟ್ಟಿದ್ದೀರಿ.

ಇದು ಹದಕ್ಕೆ ಬಂದ ಮೇಲೆ ಚಾಕೊಲೇಟ್ ಚಿಪ್‌ಗೆ ಬನ್ನಿ: ಬೆಣ್ಣೆ 115 ಗ್ರಾಂ, ಕಂದು ಸಕ್ಕರೆ 100, ಬಿಳಿ ಸಕ್ಕರೆ 60, ಒಂದು ಮೊಟ್ಟೆ, ಮೈದಾ 175, ಅಡುಗೆ ಸೋಡಾ ಮತ್ತು ಉಪ್ಪು ಅರ್ಧರ್ಧ ಟೀ ಚಮಚ, ಚಾಕೊಲೇಟ್ ಚೂರು 120 ಗ್ರಾಂ. 35 ಗ್ರಾಂ ಉಂಡೆಗಳಾಗಿ ಮಾಡಿ 175 ಡಿಗ್ರಿಯಲ್ಲಿ 11ರಿಂದ 12 ನಿಮಿಷ. ಮೊದಲು ಒಂದೇ ಒಂದು ಉಂಡೆ ಬೇಯಿಸಿ ನೋಡಿ. ಅದು ದೋಸೆಯಂತೆ ಚಪ್ಪಟೆಯಾದರೆ ಹತ್ತರಲ್ಲಿ ಎಂಟು ಸಲ ಅಪರಾಧಿ ಬೆಣ್ಣೆ. ಬೆಣ್ಣೆಯಲ್ಲಿ 80 ಶೇಕಡದಷ್ಟು ಕೊಬ್ಬು, ಉಳಿದದ್ದು ಹೆಚ್ಚಾಗಿ ನೀರು. ಸಕ್ಕರೆಯೊಡನೆ ನುರಿಯಲು ಅದು 18ರಿಂದ 20 ಡಿಗ್ರಿಯಲ್ಲಿರಬೇಕು. ಬೆರಳಿಟ್ಟರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಎಣ್ಣೆಹೊಳಪು ಹತ್ತಬಾರದು. ಅಡುಗೆಮನೆಯ ಸೆಕೆಯಲ್ಲಿ ಹೊಳಪು ಬಂದ ಬೆಣ್ಣೆ ಗಾಳಿ ಹಿಡಿದಿಡುವುದಿಲ್ಲ, ಓವನ್ನಿಗೆ ಹೋದೊಡನೆ ಹರಿಯುತ್ತದೆ. ಕಲಸಿದ ಹಿಟ್ಟನ್ನು ಫ್ರಿಜ್ಜಿನಲ್ಲಿಡುವುದು ಇದಕ್ಕೇ. ಅರ್ಧ ಗಂಟೆಗೆ ಬೆಣ್ಣೆ ಬಿಗಿಯಾಗುತ್ತದೆ, ಒಂದಿಡೀ ದಿನ ಬಿಟ್ಟರೆ ಮೈದಾ ನೀರು ಹೀರಿಕೊಂಡು ಬಣ್ಣವೂ ರುಚಿಯೂ ಗಾಢವಾಗುತ್ತವೆ.

ಹರಡದೆ ಗುಂಡಗೆ ಗುಡ್ಡದಂತೆ ನಿಂತರೆ ಮೈದಾ ಹೆಚ್ಚಾಗಿದೆ. ಕಪ್ಪಿನ ಲೆಕ್ಕ ಕೈಕೊಡುವುದು ಇಲ್ಲೇ. ಚಮಚದಿಂದ ಹಗುರಾಗಿ ತುಂಬಿದ ಒಂದು ಕಪ್ ಮೈದಾ ಸುಮಾರು 120 ಗ್ರಾಂ, ಡಬ್ಬಕ್ಕೆ ಕಪ್ ಅದ್ದಿ ತೆಗೆದರೆ 150 ಗ್ರಾಂ. ಎರಡು ಕಪ್ಪಿಗೆ 60 ಗ್ರಾಂ ವ್ಯತ್ಯಾಸ! ಪೂರ್ತಿ ಅಂಕ ಪಡೆದ ಎರಡನೆಯ ವಸ್ತು ಇದಕ್ಕೇ ತೂಕದ ಯಂತ್ರ. ಒಂದೊಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು, ಆದರೆ ಅರ್ಧ ಚಮಚ ಸೋಡಾವನ್ನು ಅದರಲ್ಲಿ ತೂಗಬೇಡಿ, ಅಷ್ಟು ಸಣ್ಣ ತೂಕದಲ್ಲಿ ಅದು ತಪ್ಪುತ್ತದೆ. ಅದಕ್ಕೆ ಅಳತೆ ಚಮಚವೇ ಇರಲಿ, ಮೇಲ್ಭಾಗ ಚಾಕುವಿನಿಂದ ಸವರಿ ಸಮ ಮಾಡಿ. ಸೋಡಾ ಕೈಮೀರಿದರೆ ಸಾಬೂನಿನ ವಾಸನೆ, ಬೇಡದ ಕಪ್ಪು ಬಣ್ಣ. ಸೋಡಾ ಬದಲು ಬೇಕಿಂಗ್ ಪೌಡರ್ ಸುರಿದರೆ ಕುಕೀ ಹೋಗಿ ಪುಟ್ಟ ಕೇಕ್ ಆಗುತ್ತದೆ. ಮೈದಾ ಹಾಕಿದ ಮೇಲೆ ಜಾಸ್ತಿ ಕಲಸಿದರೆ ಜಿಗುಟು ಬಲಿತು ಗಟ್ಟಿಯಾಗುತ್ತದೆ. ಇಷ್ಟೂ ತಪ್ಪಿಗೆ ಓವನ್ನನ್ನು ಬೈಯುವಂತಿಲ್ಲ.

ಹೊರತೆಗೆಯುವ ಹೊತ್ತೇ ಅತಿ ಕಷ್ಟದ್ದು, ಕಣ್ಣು ಮೋಸ ಮಾಡುತ್ತದೆ. ಅಂಚು ಹೊಂಬಣ್ಣಕ್ಕೆ ತಿರುಗಿ ನಡುವೆ ಇನ್ನೂ ಹಸಿಯೇ ಎನ್ನಿಸುವಾಗ ತೆಗೆದುಬಿಡಿ. ಬಿಸಿ ಟ್ರೇಯ ಮೇಲೆ ಐದು ನಿಮಿಷ ಬಿಟ್ಟರೆ ಉಳಿದ ಪಾಕ ಅಲ್ಲೇ ಮುಗಿಯುತ್ತದೆ. ಆಮೇಲೆ ತಂತಿ ಜಾಲರಿಗೆ ಸಾಗಿಸಿ, ಇಲ್ಲವಾದರೆ ತಳದಲ್ಲಿ ಹಬೆ ಸಿಕ್ಕಿಕೊಂಡು ಮೆತ್ತಗಾಗುತ್ತದೆ. ಗಟ್ಟಿಯಾಗುವವರೆಗೂ ಓವನ್ನಿನಲ್ಲೇ ಬಿಟ್ಟರೆ ತಣಿದ ಮೇಲೆ ಹಲ್ಲಿಗೆ ಸವಾಲು. ಮೆತ್ತಗಾದ ಗರಿ ಕುಕೀಯನ್ನು ಮಾತ್ರ 150 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಇಟ್ಟು ತಣಿಸಿದರೆ ಮತ್ತೆ ಗರಿಯಾಗುತ್ತದೆ.

ಚಿಕ್ಕ ಓವನ್ನಿನ ಅಸಲಿ ಬೆಲೆ ತೆರಬೇಕಾದದ್ದು ಸಮಯದಲ್ಲಿ. ಮೇಲಿನ ಚಾಕೊಲೇಟ್ ಚಿಪ್ ಅಳತೆಗೆ ಹದಿನೇಳು ಹದಿನೆಂಟು ಕುಕೀ ಬರುತ್ತವೆ, ಒಂದು ಟ್ರೇಗೆ ಆರು ಹಿಡಿದರೆ ಮೂರು ಸುತ್ತು. ಪ್ರತಿ ಸುತ್ತಿಗೂ ಟ್ರೇ ಪೂರ್ತಿ ತಣಿಯಬೇಕು, ಬಿಸಿ ಟ್ರೇಗೆ ಉಂಡೆ ಇಟ್ಟರೆ ಅಂಚು ಬಿಗಿಯುವ ಮೊದಲೇ ಬೆಣ್ಣೆ ಕರಗುತ್ತದೆ. ಆದ್ದರಿಂದ ದೊಡ್ಡ ಓವನ್ನಿಗೆ ಹೋಗುವ ಬದಲು ಒಂದೇ ಅಳತೆಯ ಎರಡು ಟ್ರೇ ಇಟ್ಟುಕೊಳ್ಳುವುದು ಜಾಣತನ. ಒಂದು ಬೇಯುವಾಗ ಇನ್ನೊಂದು ತಣಿಯುತ್ತದೆ, ಉಂಡೆಗಳು ಫ್ರಿಜ್ಜಿನಲ್ಲಿ ಕಾಯುತ್ತವೆ.

ಕನ್ವೆಕ್ಷನ್ ಮೈಕ್ರೋವೇವ್ ಇದ್ದವರು ಅದನ್ನೇ ಬಳಸಬಹುದು, ಬಿಸಿ ಗಾಳಿಯಲ್ಲಿ ಬೇಯಿಸುವ ಕನ್ವೆಕ್ಷನ್ ಮೋಡಿನಲ್ಲಿ ಮಾತ್ರ. ಬರಿ ಮೈಕ್ರೋವೇವ್ ಮೋಡಿನಲ್ಲಿ ಕುಕೀ ಕಂದಾಗುವುದೇ ಇಲ್ಲ. ಏರ್ ಫ್ರೈಯರ್ ನಾಲ್ಕು ಕುಕೀಯ ಆಸೆಗೆ ಪರವಾಗಿಲ್ಲ: 160 ಡಿಗ್ರಿ ಸಾಕು, ಕಾಗದ ಹಾರಿ ಮೇಲಿನ ರಾಡಿಗೆ ತಗಲದಂತೆ ಉಂಡೆಗಳ ಭಾರದ ಕೆಳಗೇ ಇರಬೇಕು.

ಕೊಳ್ಳುವಾಗ ನೋಡಬೇಕಾದದ್ದು: ಮೇಲಿನ, ಕೆಳಗಿನ ರಾಡುಗಳನ್ನು ಬೇರೆ ಬೇರೆಯಾಗಿ ಹಾಕಲು ಬರಬೇಕು, ಟ್ರೇಗೆ ಕನಿಷ್ಠ ಮೂರು ಮೆಟ್ಟಿಲು ಬೇಕು, ಒಳಗೆ ದೀಪ ಬೇಕು. ದೀಪವಿಲ್ಲದಿದ್ದರೆ ಬಣ್ಣ ನೋಡಲು ಬಾಗಿಲು ತೆರೆಯುತ್ತೀರಿ, ತೆರೆದಾಗಲೆಲ್ಲ ಬಿಸಿ ಹೊರಗೆ. ಕೋಳಿ ತಿರುಗಿಸುವ ಕಂಬಿ ಕುಕೀಗೆ ಯಾವ ಕೆಲಸಕ್ಕೂ ಬಾರದು. ಸ್ಪ್ರಿಂಗ್ ಟೈಮರನ್ನು ಹತ್ತು ನಿಮಿಷದೊಳಗಿನ ಲೆಕ್ಕಕ್ಕೆ ನಂಬಬೇಡಿ. 20ರಾಚೆ ತಿರುಗಿಸಿ ಹಿಂದಕ್ಕೆ ತಂದರೆ ಸ್ವಲ್ಪ ನೆಟ್ಟಗೆ ನಡೆಯುತ್ತದೆ, ಆದರೂ ಫೋನಿನ ಅಲಾರಂ ಜೊತೆಗಿರಲಿ. ಕೆಳಗಿನ ಪುಡಿ ತಟ್ಟೆಯನ್ನು, ಓವನ್ ತಣಿದ ಮೇಲೆ, ಪ್ರತಿ ಸಲವೂ ಎಳೆದು ಒರೆಸಿಡಿ. ಅಲ್ಲಿ ಬಿದ್ದ ಬೆಣ್ಣೆ ಮುಂದಿನ ಸಲ ಓವನ್ ಕಾಯುವಾಗ ಸುಟ್ಟು, ಆ ಕಮಟು ವಾಸನೆ ಹೊಸ ಕುಕೀಗೆ ಹತ್ತುತ್ತದೆ.