ಎಂ.ಟೆಕ್ ಓದುವಾಗ ಎಲ್ಲಿರಬೇಕು: ಗದಗಿನ ಮನೆ, ಹಾಸ್ಟೆಲ್, ಸಪ್ತಾಪುರದ ರೂಮು

ಬಿ.ಇ.ಯಲ್ಲಿ ನಮ್ಮ ಕ್ಲಾಸಿನಲ್ಲಿ 60 ಜನ ಇದ್ದೆವು. ಎಲ್ಲಿ ಹೋದರೂ ಗೆಳೆಯರು. ಹುಬ್ಬಳ್ಳಿಯಲ್ಲಿ ಎಂ.ಟೆಕ್ ಸೇರಿದಾಗ ಬಂದವರು 11 ಜನ. ಅವರಲ್ಲೂ ಇಬ್ಬರಿಗೆ ಮದುವೆಯಾಗಿತ್ತು. ಸಂಜೆ ಐದಾದರೆ ಕ್ಲಾಸು ಖಾಲಿ. ಹಾಗಾಗಿ ಎಂ.ಟೆಕ್‌ನಲ್ಲಿ ಖುಷಿ ಸಿಗುವುದು ಕಾಲೇಜಿಗಿಂತ ಜಾಸ್ತಿ ನಾವು ಉಳಿಯುವ ಜಾಗದಲ್ಲಿ. ಎರಡು ವರ್ಷದಲ್ಲಿ ಮೂರು ಕಡೆ ಇದ್ದು ನೋಡಿದ್ದೇನೆ.

ಮೊದಲ ಸೆಮಿಸ್ಟರ್ ಗದಗಿನಿಂದ ರೈಲು, ಸುಮಾರು 60 ಕಿಲೋಮೀಟರ್. ನಾನು ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಬಂದವನು. ರಾಷ್ಟ್ರಮಟ್ಟದ ಗೇಟ್ ಪರೀಕ್ಷೆ ಪಾಸಾದವರಿಗೆ ಬರುತ್ತಿದ್ದ ತಿಂಗಳ 12,400 ರೂಪಾಯಿ ಸ್ಕಾಲರ್‌ಶಿಪ್ ನನಗಿರಲಿಲ್ಲ. ರೈಲಿನ ಪಾಸು ಅಗ್ಗ, ಊಟ ಅವ್ವನ ಕೈಯದು. ಅಣ್ಣಿಗೇರಿ ದಾಟುವಾಗ ಎರೆ ಹೊಲದ ಕಡಲೆ ನೋಡುತ್ತಾ ಕೂರುವುದು ಹಿತವಾಗಿತ್ತು. ಆದರೆ ಲ್ಯಾಬಿನಲ್ಲಿ ಸಿಮ್ಯುಲೇಷನ್ (ಕಂಪ್ಯೂಟರಿನಲ್ಲೇ ಮಾಡುವ ಪ್ರಯೋಗ) ಮುಗಿಯುವಷ್ಟರಲ್ಲಿ ರೈಲಿನ ಹೊತ್ತು. ಹುಬ್ಬಳ್ಳಿಯ ಉಣಕಲ್ ಕೆರೆಗೆ ಹೋಗೋಣ ಬಾ ಅಂತ ಕರೆದವರಿಗೆ ಪ್ರತಿ ಸಲ ಇಲ್ಲ ಅಂದೆ. ಆಮೇಲೆ ಅವರು ಕರೆಯುವುದನ್ನೇ ಬಿಟ್ಟರು.

ಎರಡನೇ ಸೆಮಿಸ್ಟರಿಗೆ ಹಾಸ್ಟೆಲ್. ಲ್ಯಾಬು ಹತ್ತಿರ, ರಾತ್ರಿ ಹತ್ತರವರೆಗೂ ಕೆಲಸ ಮಾಡಬಹುದು. ಆದರೆ ಅಲ್ಲಿದ್ದವರೆಲ್ಲ ಬಿ.ಇ. ಹುಡುಗರು. ಕ್ರಿಕೆಟ್, ಹುಟ್ಟುಹಬ್ಬ, ಗಲಾಟೆ. ಒಳ್ಳೆಯವರೇ, ನನ್ನನ್ನು ಅಣ್ಣಾ ಅಂತಿದ್ದರು. ಆದರೆ ನಾನು ಹೋದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಅಷ್ಟು ಜನರ ನಡುವೆಯೂ ಒಂಟಿ ಅನ್ನಿಸಿತು.

ಮೂರನೇ ಸೆಮಿಸ್ಟರಿಗೆ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿದೆ. ಜೊತೆಗೆ ಮೂವರು. ಇಬ್ಬರು ಸರ್ಕಾರಿ ನೌಕರಿಯ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದರು, ಒಬ್ಬ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ದಿನಾ ಹುಬ್ಬಳ್ಳಿ-ಧಾರವಾಡ ನಡುವಿನ ಬಿಆರ್‌ಟಿಎಸ್ ಬಸ್ಸು ಚಿಗರಿಯಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದೆ. ಬಸ್ಸಿಗೆ ಬಹುಪಾಲು ಬೇರೆಯೇ ದಾರಿ ಇರುವುದರಿಂದ ಟ್ರಾಫಿಕ್ ಕಾಟ ಕಡಿಮೆ, ಎ.ಸಿ. ಬೇರೆ. ಪೇಪರ್ ಓದುತ್ತಾ ಹೋಗಬಹುದು. ರಾತ್ರಿ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. 'ಇನ್ನೊಂದ್ ತಗೋ ತಮ್ಮಾ, ಭಾಳ ಸೊರಗೀಯಲ್ಲ' ಅಂತ ಖಾನಾವಳಿಯ ಅಕ್ಕಾರು ತಾವೇ ಹಾಕುತ್ತಿದ್ದರು. ಊಟ ಆದಮೇಲೆ ನಾಲ್ವರೂ ಜಿಟಿಜಿಟಿ ಮಳೆಯಲ್ಲೇ ಸುತ್ತು ಹೊಡೆಯುತ್ತಿದ್ದೆವು. ಕೃಷಿಯವನು ಜೋಳದ ತಳಿ ಬಗ್ಗೆ ಹೇಳುತ್ತಿದ್ದ. ನಾನು ನನ್ನ ಪ್ರಾಜೆಕ್ಟಿನ ಮೋಟಾರ್ ಕಂಟ್ರೋಲ್ ವಿವರಿಸುತ್ತಿದ್ದೆ. ಎಂಜಿನಿಯರಿಂಗ್ ಗೊತ್ತಿಲ್ಲದವರಿಗೆ ಅರ್ಥವಾಗುವಂತೆ ಹೇಳಲು ಹೋದಾಗಲೇ ನನಗೂ ಅದು ಸರಿಯಾಗಿ ಅರ್ಥವಾಯಿತು. ಇಂಥ ಮಾತುಕತೆ ನಮ್ಮ ಕ್ಲಾಸಿನಲ್ಲಿ ಒಂದು ದಿನವೂ ಆಗಿರಲಿಲ್ಲ. ಖರ್ಚು ಮನೆಗಿಂತ ಜಾಸ್ತಿ ಆಯಿತು, ನಿಜ. ಬಿ.ಇ. ಹುಡುಗರಿಗೆ ಟ್ಯೂಷನ್ ಹೇಳಿ ಸರಿದೂಗಿಸಿದೆ.

ನಾಲ್ಕನೇ ಸೆಮಿಸ್ಟರಿನಲ್ಲೂ ರೂಮು ಬಿಡಲಿಲ್ಲ. ಹಾರ್ಡ್‌ವೇರ್ ಟೆಸ್ಟಿಂಗ್ ಇದ್ದ ಕೊನೆಯ ಆರು ವಾರ ಮಾತ್ರ ಹಾಸ್ಟೆಲೇ ಮೇಲು ಅನ್ನಿಸಿತು. ಕೊನೇ ಬಸ್ಸು ಹಿಡಿಯಲು ಎಷ್ಟೋ ಸಲ ಅರ್ಧಕ್ಕೆ ಎದ್ದು ಬಂದಿದ್ದೇನೆ. ಲ್ಯಾಬಿನ ಮಷಿನ್ ಮೇಲೆ ದಿನವಿಡೀ ಕೆಲಸ ಇರುವವರು ಇದನ್ನು ಯೋಚಿಸಬೇಕು. ಲ್ಯಾಪ್‌ಟಾಪಿನಲ್ಲೇ ಮುಗಿಯುವ ಪ್ರಾಜೆಕ್ಟಾದರೆ ಸಪ್ತಾಪುರಕ್ಕೆ ಬನ್ನಿ. ಜೂನ್‌ಗೆ ಮೊದಲೇ ರೂಮು ಹುಡುಕಿ, ಮಳೆಗೆ ಸೋರುತ್ತದಾ ಅಂತ ಅಕ್ಕಪಕ್ಕದವರನ್ನು ಕೇಳಿಕೊಳ್ಳಿ.